ಕೇಳಿದ್ದು ಒಂದು ಪ್ಯಾಕೇಜ್, ಬಂದದ್ದು ಒಂದು ಗುಂಪು: ರೆಕಮೆಂಡ್ಸ್ ತಾನಾಗಿ ಇನ್‌ಸ್ಟಾಲ್ ಆಗಬೇಕಾ?

ಮಿಂಚುಳ್ಳಿ

ಎಲ್ಲರಿಗೂ ನಮಸ್ಕಾರ. ಡೆಬಿಯನ್ 12 ಲಿನಕ್ಸ್ ಹಾಕಿ ಒಂದು ಸಣ್ಣ ಸರ್ವರ್ ಸಿದ್ಧ ಮಾಡುತ್ತಿದ್ದೇನೆ. ಡೆಸ್ಕ್‌ಟಾಪ್ ಇಲ್ಲ. ಎರಡು ಡಿಸ್ಕ್‌ಗಳನ್ನು ರೇಡ್ 1 ಆಗಿ, ಅಂದರೆ ಎರಡರಲ್ಲೂ ಒಂದೇ ಡೇಟಾ ಇರುವಂತೆ, ಜೋಡಿಸಬೇಕು. ಅದಕ್ಕೆ ಎಂಡಿಆಡಮ್ ಬೇಕು ಅಂತ, ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಆಪ್ಟ್‌ಗೆ ಅದೊಂದನ್ನೇ ಕೇಳಿದೆ. ಪಟ್ಟಿಯಲ್ಲಿ ಎಕ್ಸಿಮ್ ಮೇಲ್ ಸರ್ವರ್ ಕೂಡ ಬಂತು. ಇನ್ನೂ ‘ವೈ’ ಒತ್ತಿಲ್ಲ, ಹಾಗೇ ಬಿಟ್ಟಿದ್ದೇನೆ.

ಡಿಸ್ಕ್ ನೋಡಿಕೊಳ್ಳುವ ಸಾಧನಕ್ಕೂ ಮೇಲ್ ಸರ್ವರ್‌ಗೂ ಏನು ಸಂಬಂಧ? ಹುಡುಕಿದರೆ ಬಹಳ ಕಡೆ ಒಂದೇ ಸಲಹೆ ಸಿಗುತ್ತದೆ: ಆಪ್ಟ್‌ನ ಸೆಟ್ಟಿಂಗ್‌ನಲ್ಲಿ ಇನ್‌ಸ್ಟಾಲ್-ರೆಕಮೆಂಡ್ಸ್ (ಶಿಫಾರಸು ಮಾಡಿದ ಪ್ಯಾಕೇಜ್‌ಗಳನ್ನೂ ತಾನಾಗಿ ತರುವುದು) ಅನ್ನು ಶಾಶ್ವತವಾಗಿ ಆಫ್ ಮಾಡಿಬಿಡಿ ಅಂತ. ಹಾಗೆ ಮಾಡುವುದು ಸರಿಯಾ? ಕೇಳದೇ ಇದ್ದದ್ದು ಬರುವುದು ಡಿಸ್ಟ್ರೋದ (ಡೆಬಿಯನ್‌ನಂಥ ಲಿನಕ್ಸ್ ವಿತರಣೆಯ) ತಪ್ಪಾ, ಅಥವಾ ನನಗೆ ಗೊತ್ತಿಲ್ಲದ ಕಾರಣ ಇದೆಯಾ?

ಕಣಜ

ಮಿಂಚುಳ್ಳಿ ಅವರೇ, ಒತ್ತುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಈ ಒಂದು ಪ್ಯಾಕೇಜ್‌ಗೆ ಕಾರಣ ಇದೆ, ಮತ್ತು ಅದು ಚೆನ್ನಾಗಿರುವ ಕಾರಣ.

ರೇಡ್ 1ರಲ್ಲಿ ಒಂದು ಡಿಸ್ಕ್ ಸತ್ತರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಯಂತ್ರ ಹಾಗೇ ಓಡುತ್ತಿರುತ್ತದೆ. ಅಪಾಯ ಇರುವುದೇ ಅಲ್ಲಿ. ಯಾರಿಗೂ ಗೊತ್ತಾಗದೆ ಒಂದೇ ಡಿಸ್ಕ್ ಮೇಲೆ ತಿಂಗಳುಗಟ್ಟಲೆ ನಡೆದು, ಎರಡನೆಯದೂ ಹೋದ ದಿನ ಎಲ್ಲವೂ ಹೋಗುತ್ತದೆ. ಅದಕ್ಕೇ ಎಂಡಿಆಡಮ್‌ಗೆ ಒಂದು ಮಾನಿಟರ್ ಕೆಲಸವೂ ಇದೆ. ಡಿಸ್ಕ್ ಕೈಕೊಟ್ಟ ತಕ್ಷಣ ಅದರ ಕಾನ್ಫಿಗ್ ಫೈಲ್‌ನಲ್ಲಿ ಬರೆದಿರುವ ವಿಳಾಸಕ್ಕೆ ಮೇಲ್ ಕಳಿಸುತ್ತದೆ. ಮೇಲ್ ಕಳಿಸುವ ವ್ಯವಸ್ಥೆಯೇ ಇಲ್ಲದಿದ್ದರೆ ಆ ಎಚ್ಚರಿಕೆ ಎಲ್ಲಿಗೂ ತಲುಪುವುದಿಲ್ಲ.

ಆದರೆ ಮೇಲ್ ಇಲ್ಲದೆಯೂ ಎಂಡಿಆಡಮ್ ರೇಡ್ ಕಟ್ಟುತ್ತದೆ, ನಡೆಸುತ್ತದೆ. ಹಾಗಾಗಿ ಪ್ಯಾಕೇಜ್ ಮಾಡಿದವರು ಅದನ್ನು ಡಿಪೆಂಡ್ಸ್‌ನಲ್ಲಿ ಹಾಕಿಲ್ಲ, ರೆಕಮೆಂಡ್ಸ್‌ನಲ್ಲಿ ಹಾಕಿದ್ದಾರೆ. ಡೆಬಿಯನ್ ನೀತಿಯಲ್ಲಿ ಮೂರು ಹಂತ ಇವೆ. ಡಿಪೆಂಡ್ಸ್ ಅಂದರೆ ಅದಿಲ್ಲದೆ ಇದು ಕೆಲಸವೇ ಮಾಡುವುದಿಲ್ಲ. ರೆಕಮೆಂಡ್ಸ್ ಅಂದರೆ ಅಪರೂಪದ ಸಂದರ್ಭ ಬಿಟ್ಟರೆ ಎರಡೂ ಜೊತೆಗೇ ಇರುತ್ತವೆ. ಸಜೆಸ್ಟ್ಸ್ ಅಂದರೆ ಇದ್ದರೆ ಇನ್ನಷ್ಟು ಉಪಯೋಗ, ಇಲ್ಲದಿದ್ದರೂ ಪರವಾಗಿಲ್ಲ. ಮೊದಲ ಎರಡನ್ನು ಆಪ್ಟ್ ತಾನಾಗಿ ತರುತ್ತದೆ. 2009ರಲ್ಲಿ ಬಂದ ಡೆಬಿಯನ್ 5.0 ಲೆನ್ನಿಯಿಂದ ಹೀಗಿದೆ. ಅದಕ್ಕೂ ಮೊದಲು ಆಪ್ಟ್-ಗೆಟ್ ರೆಕಮೆಂಡ್ಸ್ ತರುತ್ತಿರಲಿಲ್ಲ.

ಇನ್ನೊಂದು ವಿಷಯ. ಎಂಡಿಆಡಮ್ ಎಕ್ಸಿಮ್ ಅನ್ನೇ ಕೇಳುತ್ತಿಲ್ಲ. ‘ಡಿಸ್ಟ್ರೋದ ಡಿಫಾಲ್ಟ್ ಮೇಲ್ ಪ್ರೋಗ್ರಾಂ, ಅಥವಾ ಮೇಲ್ ಕಳಿಸಬಲ್ಲ ಬೇರೆ ಯಾವುದಾದರೂ’ ಅಂತ ಕೇಳುತ್ತಿದೆ. ನಿಮ್ಮಲ್ಲಿ ಯಾವುದೂ ಇಲ್ಲದ್ದರಿಂದ ಡಿಫಾಲ್ಟ್ ಆದ ಎಕ್ಸಿಮ್ ಬಂತು. ಪೋಸ್ಟ್‌ಫಿಕ್ಸ್ ಅಥವಾ ಎಂಎಸ್‌ಎಂಟಿಪಿ-ಎಂಟಿಎ ಮೊದಲೇ ಇದ್ದಿದ್ದರೆ ಎಕ್ಸಿಮ್ ಹೆಸರೇ ಕಾಣಿಸುತ್ತಿರಲಿಲ್ಲ.

ಹಾದಿಹೋಕ

ಕಾರಣ ಸರಿ, ಒಪ್ಪುತ್ತೇನೆ. ಆದರೆ ಸರ್ವರ್ ನೋಡಿಕೊಳ್ಳುವವನಾಗಿ ನನ್ನ ಮಾತು ಬೇರೆ. ನಾನು ಎಲ್ಲ ಸರ್ವರ್‌ಗಳಲ್ಲೂ ರೆಕಮೆಂಡ್ಸ್ ಆಫ್ ಮಾಡಿಯೇ ಇಡುತ್ತೇನೆ.

ಡಿಸ್ಕ್ ಜಾಗದ ಚಿಂತೆ ನನಗಿಲ್ಲ. ಒಳಗೆ ಬಂದ ಪ್ರತಿ ಪ್ಯಾಕೇಜ್‌ಗೂ ಮುಂದೆ ಭದ್ರತಾ ಅಪ್‌ಡೇಟ್ ಕೊಡಬೇಕು, ಅದರ ಸುದ್ದಿ ಓದಬೇಕು. ಎಕ್ಸಿಮ್‌ನ ಉದಾಹರಣೆಯನ್ನೇ ನೋಡಿ. 2019ರಲ್ಲಿ ಅದರ 4.87ರಿಂದ 4.91ರವರೆಗಿನ ಆವೃತ್ತಿಗಳಲ್ಲಿ ಒಂದು ದೊಡ್ಡ ದೋಷ ಹೊರಬಂತು. ಅದೇ ಯಂತ್ರದಲ್ಲಿ ಸಾಮಾನ್ಯ ಖಾತೆ ಇದ್ದವನು ಸುಲಭವಾಗಿ ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವವನು, ಆಗಬಹುದಿತ್ತು. ಡೆಬಿಯನ್‌ನಲ್ಲಿ ಎಕ್ಸಿಮ್ ಹೊರಗಿನ ನೆಟ್‌ವರ್ಕ್‌ಗೆ ತೆರೆದಿರುವುದಿಲ್ಲ, ಒಳಗಿನ ವಿಳಾಸದಲ್ಲಿ ಮಾತ್ರ ಕೇಳುತ್ತದೆ, ನಿಜ. ಆದರೂ ಈ ದೋಷಕ್ಕೆ ಅದು ತಡೆಯಾಗಲಿಲ್ಲ. ರೇಡ್ ಬೇಕು ಅಂತ ಬಂದವನ ಯಂತ್ರದಲ್ಲಿ, ಅವನು ಹೆಸರೂ ಕೇಳದ ಒಂದು ಪ್ರೋಗ್ರಾಂ ಮೂಲಕ ಬಾಗಿಲು ತೆರೆದಂತಾಯಿತು, ಅಲ್ವಾ?

ಡೆಬಿಯನ್ ಬಳಗದಲ್ಲಿ ಇನ್ನೊಂದು ಅಭ್ಯಾಸ ಇದೆ. ಸರ್ವಿಸ್ ಇರುವ ಪ್ಯಾಕೇಜ್ ಇನ್‌ಸ್ಟಾಲ್ ಆದ ಕೂಡಲೇ ಸಾಮಾನ್ಯವಾಗಿ ಅದು ಶುರುವೂ ಆಗಿಬಿಡುತ್ತದೆ. ಫೆಡೋರಾ ಡಿಸ್ಟ್ರೋದಲ್ಲಿ ಹೆಚ್ಚಿನವು ನೀವಾಗಿ ಶುರು ಮಾಡುವವರೆಗೆ ಸುಮ್ಮನಿರುತ್ತವೆ. ತಾನಾಗಿ ಬರುವುದು, ತಾನಾಗಿ ಓಡುವುದು, ಎರಡೂ ಸೇರಿದಾಗ ನನಗೆ ಇಷ್ಟವಾಗುವುದಿಲ್ಲ.

ಪೈಥಾನ್ ಮಾಡ್ಯೂಲ್‌ಗಳನ್ನು ಹಾಕುವ ಪಿಪ್ ಇನ್ನೊಂದು ಉದಾಹರಣೆ. ಡೆಬಿಯನ್ 12ರಲ್ಲಿ ಅದನ್ನು ಕೇಳಿದರೆ ರೆಕಮೆಂಡ್ಸ್ ಮೂಲಕ ಬಿಲ್ಡ್-ಎಸೆನ್ಷಿಯಲ್ ಬರುತ್ತದೆ. ಅಂದರೆ ಸಿ ಕಂಪೈಲರ್, ಮೇಕ್, ಹೆಡರ್ ಫೈಲ್‌ಗಳು, ಎಲ್ಲ. ಕೆಲವು ಪೈಥಾನ್ ಮಾಡ್ಯೂಲ್‌ಗಳನ್ನು ಕಂಪೈಲ್ ಮಾಡಬೇಕಾಗುತ್ತದೆ ಎಂಬುದು ಕಾರಣ. ಆದರೆ ಇವತ್ತು ಬಹಳಷ್ಟು ಮಾಡ್ಯೂಲ್‌ಗಳು ವೀಲ್ ರೂಪದಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಕಂಟೇನರ್ ಇಮೇಜ್ (ಒಂದು ಪ್ರೋಗ್ರಾಂ ಓಡಲು ಬೇಕಾದಷ್ಟೇ ಇರುವ ಪುಟ್ಟ ಸಿಸ್ಟಂ) ಕಟ್ಟುವವರೆಲ್ಲ ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಬರೆಯುವುದು ಸುಮ್ನೆ ಅಲ್ಲ.

ತುಂತುರು

ಹಾದಿಹೋಕ ಸರ್, ಅದೇ ಕಂಟೇನರ್‌ನಿಂದ ಒಂದು ಎದುರು ಉದಾಹರಣೆ ಕೊಡುತ್ತೇನೆ. ರೆಕಮೆಂಡ್ಸ್ ಬಿಟ್ಟು, ಕೋಡ್‌ನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ ಮಾತ್ರ ಹಾಕಿ. ಆಮೇಲೆ ಎಚ್‌ಟಿಟಿಪಿಎಸ್ ವಿಳಾಸದಿಂದ ಕೋಡ್ ಅನ್ನು ಕ್ಲೋನ್ (ನಕಲು) ಮಾಡಲು ಹೋಗಿ. ಸರ್ಟಿಫಿಕೇಟ್ ಪರಿಶೀಲನೆ ಆಗಲಿಲ್ಲ ಅಂತ ನಿಂತುಬಿಡುತ್ತದೆ. ಯಾಕೆಂದರೆ ಆ ಪರಿಶೀಲನೆಗೆ ಬೇಕಾದ ಸಿಎ-ಸರ್ಟಿಫಿಕೇಟ್ಸ್ ಪ್ಯಾಕೇಜ್ ಗಿಟ್‌ನ ರೆಕಮೆಂಡ್ಸ್‌ನಲ್ಲಿದೆ, ಡಿಪೆಂಡ್ಸ್‌ನಲ್ಲಿಲ್ಲ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕ್ಲೈಂಟ್ ಕೂಡ ಅಲ್ಲೇ ಇದೆ. ನೆಟ್‌ವರ್ಕ್ ಇಲ್ಲದೆಯೂ ಗಿಟ್ ಬಳಸಬಹುದಲ್ಲ, ಅದಕ್ಕೆ.

ಇದರಲ್ಲಿ ನನ್ನನ್ನು ಕಾಡುವುದು ಮುಂದಿನ ಹೆಜ್ಜೆ. ಈ ದೋಷ ಕಂಡವರಲ್ಲಿ ಅನೇಕರು ಕಾಣೆಯಾದ ಪ್ಯಾಕೇಜ್ ಹುಡುಕುವುದಿಲ್ಲ. ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡುತ್ತಾರೆ. ಆ ಸಲಹೆ ಎಲ್ಲೆಂದರಲ್ಲಿ ಸಿಗುತ್ತದೆ. ಭದ್ರತೆಗೆ ಅಂತ ಪ್ಯಾಕೇಜ್ ಕಡಿಮೆ ಮಾಡಲು ಹೋಗಿ ಭದ್ರತೆಯನ್ನೇ ಕಳೆದುಕೊಂಡ ಹಾಗಾಯಿತು.

ನಿಮಗೆ ಅನುಭವ ಇದೆ, ಏನು ಬಿಟ್ಟಿದ್ದೀರಿ ಅಂತ ಗೊತ್ತು. ಡೆಸ್ಕ್‌ಟಾಪ್‌ಗೆ ಹೊಸದಾಗಿ ಬಂದವರಿಗೆ ‘ಆಫ್ ಮಾಡಿ’ ಅಂತ ಹೇಳಿದರೆ, ಯಾವ ಸೌಲಭ್ಯ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ಹುಡುಕಲು ಅವರ ಬಳಿ ದಾರಿಯೇ ಇರುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ಮೆನುವಿನಲ್ಲಿ ಒಂದು ಸಾಲು ಕಾಣೆಯಾಗಿರುತ್ತದೆ, ಅಷ್ಟೇ. ಡಿಫಾಲ್ಟ್ ಇರುವುದು ಆಯ್ಕೆ ಮಾಡಲು ಗೊತ್ತಿಲ್ಲದವರಿಗಾಗಿ. ಗೊತ್ತಿದ್ದವರು ಒಂದು ಸಾಲಿನಲ್ಲಿ ಬದಲಿಸಿಕೊಳ್ಳುತ್ತಾರೆ.

ಬೆಳದಿಂಗಳು

ಬೇರೆ ಡಿಸ್ಟ್ರೋಗಳಲ್ಲಿ ಹೇಗಿದೆ ಅಂತ ಸ್ವಲ್ಪ ಸೇರಿಸುತ್ತೇನೆ.

ಆರ್‌ಪಿಎಂ (ಫೆಡೋರಾ, ಓಪನ್‌ಸೂಸೆ ಮುಂತಾದವುಗಳ ಪ್ಯಾಕೇಜ್ ವ್ಯವಸ್ಥೆ) ಲೋಕದಲ್ಲಿ ಬಹಳ ಕಾಲ ‘ಬೇಕೇ ಬೇಕು’ ಎಂಬ ಒಂದೇ ಹಂತ ಬಳಕೆಯಲ್ಲಿತ್ತು. 2014ರಲ್ಲಿ ಬಂದ ಆರ್‌ಪಿಎಂ 4.12ರಿಂದ ರೆಕಮೆಂಡ್ಸ್‌ನಂಥ, ಕಡ್ಡಾಯವಲ್ಲದ ವೀಕ್ ಡಿಪೆಂಡೆನ್ಸಿಗಳು ಬಂದವು. ಅಲ್ಲಿ ಆಪ್ಟ್‌ನ ಕೆಲಸ ಮಾಡುವ ಫೆಡೋರಾದ ಡಿಎನ್‌ಎಫ್ ಅವನ್ನೂ ತಾನಾಗಿ ತರುತ್ತದೆ. ಬೇಡವಾದರೆ ಇನ್‌ಸ್ಟಾಲ್-ವೀಕ್-ಡೆಪ್ಸ್ ಅನ್ನು ಆಫ್ ಮಾಡಬಹುದು. ನನಗೆ ಅಲ್ಲಿ ತುಂಬಾ ಹಿಡಿಸುವುದು ಸಪ್ಲಿಮೆಂಟ್ಸ್. ಇದು ಉಲ್ಟಾ ದಿಕ್ಕಿನ ರೆಕಮೆಂಡ್ಸ್. ‘ಆ ಪ್ರೋಗ್ರಾಂ ಇದ್ದು, ಈ ಭಾಷೆಯ ಪ್ಯಾಕೂ ಇದ್ದರೆ ಮಾತ್ರ ನನ್ನನ್ನು ಹಾಕು’ ಅಂತ ಅನುವಾದದ ಪ್ಯಾಕೇಜೇ ಹೇಳಬಹುದು. ಮೂಲ ಪ್ರೋಗ್ರಾಂ ಜಗತ್ತಿನ ಎಲ್ಲ ಭಾಷೆಗಳ ಪಟ್ಟಿ ಹೊತ್ತುಕೊಳ್ಳಬೇಕಾಗಿಲ್ಲ. ಡೆಬಿಯನ್‌ನಲ್ಲಿ ಷರತ್ತು ಹಾಕಿ ಹೀಗೆ ಬರೆಯಲು ಬರುವುದಿಲ್ಲ.

ಆರ್ಚ್ ಡಿಸ್ಟ್ರೋದ್ದು ಪೂರ್ತಿ ಬೇರೆ ದಾರಿ. ಆಪ್ಟ್‌ಡಿಪೆಂಡ್ಸ್ (ಐಚ್ಛಿಕ ಪ್ಯಾಕೇಜ್‌ಗಳ ಪಟ್ಟಿ) ಇದೆ, ಆದರೆ ಅಲ್ಲಿನ ಇನ್‌ಸ್ಟಾಲ್ ಸಾಧನ ಪ್ಯಾಕ್‌ಮ್ಯಾನ್ ಅದನ್ನು ಓದಿ ಹೇಳುತ್ತದೆ ಅಷ್ಟೇ, ಇನ್‌ಸ್ಟಾಲ್ ಮಾಡುವುದಿಲ್ಲ. ಪ್ರತಿಯೊಂದರ ಪಕ್ಕ ‘ಇದು ಇಂಥ ಕೆಲಸಕ್ಕೆ’ ಅಂತ ಒಂದು ಸಾಲು ವಿವರಣೆ ಇರುತ್ತದೆ. ಆ ಒಂದು ಸಾಲು ಎಷ್ಟು ಉಪಯೋಗ ಗೊತ್ತಾ! ಎಂಡಿಆಡಮ್‌ನ ಪಕ್ಕ ‘ಡಿಸ್ಕ್ ಕೆಟ್ಟಾಗ ಮೇಲ್ ಕಳಿಸಲು’ ಅಂತ ಆಪ್ಟ್ ತೋರಿಸಿದ್ದರೆ ಮಿಂಚುಳ್ಳಿ ಅವರು ಈ ಪ್ರಶ್ನೆ ಕೇಳುವ ಅಗತ್ಯವೇ ಬರುತ್ತಿರಲಿಲ್ಲ. ಆಪ್ಟ್‌ನ ನಿಜವಾದ ಕೊರತೆ ನನಗೆ ಅದೇ ಅನಿಸುತ್ತದೆ. ತರುವುದು ತಪ್ಪಲ್ಲ. ಯಾಕೆ ತಂದೆ ಅಂತ ಹೇಳದಿರುವುದು ತಪ್ಪು.

ಮಿಂಚುಳ್ಳಿ

ತುಂಬಾ ಧನ್ಯವಾದ. ಮೇಲ್ ವಿಷಯ ಈಗ ಸ್ಪಷ್ಟವಾಯಿತು.

ಡೆಸ್ಕ್‌ಟಾಪ್ ಬಗ್ಗೆ ತುಂತುರು ಅವರು ಹೇಳಿದ್ದಕ್ಕೆ ಒಂದು ಉಪಪ್ರಶ್ನೆ. ಇನ್ನೊಂದು ಯಂತ್ರದಲ್ಲಿ ಡೆಬಿಯನ್, ಗ್ನೋಮ್ ಡೆಸ್ಕ್‌ಟಾಪ್ ಜೊತೆ ಇದೆ. ಅಲ್ಲಿ ನನಗೆ ಬೇಡದ ಒಂದು ಆ್ಯಪ್ ತೆಗೆಯಲು ಹೋದರೆ ‘ಗ್ನೋಮ್ ಕೂಡ ತೆಗೆಯಲಾಗುವುದು’ ಅಂತ ಬರುತ್ತದೆ. ಇದು ಹೆದರಿಕೆ ಹುಟ್ಟಿಸುತ್ತದೆ. ಮತ್ತೆ, ಒಂದು ಪ್ಯಾಕೇಜ್ ತೆಗೆದ ಮೇಲೆ, ಬೇಡವಾದವನ್ನು ತೆಗೆಯುವ ಆಟೋರಿಮೂವ್ ಓಡಿಸಿದರೂ ಅದರ ಜೊತೆ ಬಂದಿದ್ದ ಕೆಲವು ಹಾಗೇ ಉಳಿಯುತ್ತವೆ. ಅದೇಕೆ?

ಕಣಜ

ಇದು ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಆ ‘ಗ್ನೋಮ್’ ಒಂದು ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಂ ಏನೂ ಇಲ್ಲ, ಇರುವುದು ಬೇರೆ ಪ್ಯಾಕೇಜ್‌ಗಳ ಪಟ್ಟಿ. ಆ ಪಟ್ಟಿಯಲ್ಲಿ ಡಿಪೆಂಡ್ಸ್ ಆಗಿರುವ ಒಂದನ್ನು ತೆಗೆದರೆ ಪಟ್ಟಿಯೇ ಮುರಿಯುತ್ತದೆ, ಹಾಗಾಗಿ ಮೆಟಾಪ್ಯಾಕೇಜ್ ಹೋಗಲೇಬೇಕು. ಅದು ಹೋದ ಮಾತ್ರಕ್ಕೆ ನಿಮ್ಮ ಡೆಸ್ಕ್‌ಟಾಪ್ ಹೋಗುವುದಿಲ್ಲ. ತೊಂದರೆ ಬರುವುದು ಅದರ ನಂತರ. ಆಪ್ಟ್ ಪ್ರತಿ ಪ್ಯಾಕೇಜ್‌ಗೂ ಒಂದು ಗುರುತು ಇಟ್ಟಿರುತ್ತದೆ: ನೀವು ಕೇಳಿ ಹಾಕಿದ್ದು, ಅಥವಾ ಇನ್ನೊಂದರ ಜೊತೆ ತಾನಾಗಿ ಬಂದದ್ದು. ತಾನಾಗಿ ಬಂದದ್ದನ್ನು ಹಿಡಿದುಕೊಂಡವರು ಯಾರೂ ಇಲ್ಲ ಅಂತಾದರೆ ಆಟೋರಿಮೂವ್ ಅದನ್ನು ಪಟ್ಟಿಗೆ ಸೇರಿಸುತ್ತದೆ. ಮೆಟಾಪ್ಯಾಕೇಜ್ ಹೋದ ಮೇಲೆ ಆ ಪಟ್ಟಿ ತುಂಬಾ ಉದ್ದವಾಗಬಹುದು. ಆಗ ಉಳಿಸಿಕೊಳ್ಳಬೇಕಾದವನ್ನು ಆಪ್ಟ್-ಮಾರ್ಕ್ ಬಳಸಿ ‘ಮ್ಯಾನುಯಲ್’ ಅಂತ ಗುರುತು ಹಾಕಿ. ಗ್ನೋಮ್-ಕೋರ್ ಅಷ್ಟನ್ನು ಮ್ಯಾನುಯಲ್ ಮಾಡಿದರೂ ಮೂಲ ಡೆಸ್ಕ್‌ಟಾಪ್ ಉಳಿಯುತ್ತದೆ.

ಮೆಟಾಪ್ಯಾಕೇಜ್‌ನಲ್ಲಿ ಆ್ಯಪ್‌ಗಳನ್ನು ಡಿಪೆಂಡ್ಸ್ ಬದಲು ರೆಕಮೆಂಡ್ಸ್ ಮಾಡಿದರೆ ಈ ಗೋಜಲೇ ಇರುವುದಿಲ್ಲ. ಉಬುಂಟು-ಡೆಸ್ಕ್‌ಟಾಪ್ ಬಹುಮಟ್ಟಿಗೆ ಹಾಗೇ ಇದೆ. ಲಿಬ್ರೆ ಆಫೀಸ್ ತೆಗೆದರೂ ಅದು ಉಳಿಯುತ್ತದೆ. ಡೆಬಿಯನ್‌ನಲ್ಲಿ ಈ ಪ್ರಶ್ನೆ ಒಮ್ಮೆ ತಾಂತ್ರಿಕ ಸಮಿತಿಯವರೆಗೂ ಹೋಗಿತ್ತು. 2012ರಲ್ಲಿ ಗ್ನೋಮ್-ಕೋರ್ ಪ್ಯಾಕೇಜ್ ನೆಟ್‌ವರ್ಕ್ ಮ್ಯಾನೇಜರ್ ಅನ್ನು ಡಿಪೆಂಡ್ಸ್‌ಗೆ ಏರಿಸಿತ್ತು. ಬೇರೆ ರೀತಿಯಲ್ಲಿ ನೆಟ್‌ವರ್ಕ್ ಸಂಭಾಳಿಸಿಕೊಂಡು ಅದನ್ನು ಬೇಕೆಂದೇ ತೆಗೆದಿದ್ದವರ ಯಂತ್ರಗಳಿಗೆ ಅಪ್‌ಗ್ರೇಡ್ ವೇಳೆ ಅದು ಮತ್ತೆ ಬರುತ್ತಿತ್ತು. ಸಮಿತಿಯು ಪ್ಯಾಕೇಜ್ ಮಾಡಿದವರ ತೀರ್ಮಾನವನ್ನು ಬದಿಗಿಟ್ಟು, ಅದನ್ನು ರೆಕಮೆಂಡ್ಸ್‌ಗೆ ಇಳಿಸಬೇಕು ಅಂತ ಹೇಳಿತು. ಬಳಕೆದಾರ ಒಮ್ಮೆ ‘ಬೇಡ’ ಅಂದದ್ದಕ್ಕೆ ಬೆಲೆ ಇರಬೇಕು ಅಂತ ನಾನು ಅದನ್ನು ಓದಿಕೊಂಡಿದ್ದೇನೆ. ಒಂದು ಪದ ಯಾವ ಸಾಲಿನಲ್ಲಿ ಇರಬೇಕು ಎಂಬುದಕ್ಕೆ ಇಷ್ಟು ಚರ್ಚೆ ಯಾಕೆ ಅಂತ ಕೇಳುವವರಿಗೆ ನಾನು ಯಾವಾಗಲೂ ಇದನ್ನೇ ತೋರಿಸುತ್ತೇನೆ.

ಈಗ ಆಟೋರಿಮೂವ್ ವಿಷಯ. ಅದು ಬಹಳ ಎಚ್ಚರಿಕೆಯಿಂದ ಕೆಲಸ ಮಾಡುತ್ತದೆ. ಇನ್‌ಸ್ಟಾಲ್ ಆಗಿರುವ ಯಾವುದಾದರೂ ಪ್ಯಾಕೇಜ್ ಅದನ್ನು ರೆಕಮೆಂಡ್ ಮಾಡುತ್ತಿದ್ದರೆ ತೆಗೆಯುವುದಿಲ್ಲ. ಬರೀ ಸಜೆಸ್ಟ್ ಮಾಡುತ್ತಿದ್ದರೂ ತೆಗೆಯುವುದಿಲ್ಲ. ಬರುವಾಗ ಸಜೆಸ್ಟ್ಸ್ ಲೆಕ್ಕಕ್ಕಿಲ್ಲ, ಹೋಗುವಾಗ ಲೆಕ್ಕಕ್ಕಿದೆ. ನಿಮ್ಮಲ್ಲಿ ಉಳಿದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಯಾರು ಹಿಡಿದುಕೊಂಡಿದ್ದಾರೆ ಅಂತ ನೋಡಲು ಆಪ್ಟಿಟ್ಯೂಡ್ ಎಂಬ ಇನ್ನೊಂದು ಸಾಧನದ ‘ವೈ’ (why, ‘ಯಾಕೆ’) ಆದೇಶ ಇದೆ. ಪ್ಯಾಕೇಜ್ ಹೆಸರು ಕೊಟ್ಟರೆ ಇಡೀ ಸರಪಳಿಯನ್ನು ತೋರಿಸುತ್ತದೆ. ಅದೊಂದು ಕಲಿತರೆ ಅರ್ಧ ಗೊಂದಲ ಹೋಗುತ್ತದೆ.

ಅಲೆಮಾರಿ

ಪಟ್ಟಿ ಓದದೆ ಒತ್ತಬೇಡಿ ಎಂಬುದಕ್ಕೆ 2021ರ ಘಟನೆ ನೆನಪಿಸುತ್ತೇನೆ. ಹೆಸರಾಂತ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಆಪ್ಟ್ ಬಳಸುವ ಪಾಪ್ ಓಎಸ್ ಡಿಸ್ಟ್ರೋದಲ್ಲಿ ಸ್ಟೀಮ್ ಹಾಕಲು ಹೋದಾಗ ಡೆಸ್ಕ್‌ಟಾಪೇ ಅಳಿಸಿಹೋಯಿತು. ಆ ಹೊತ್ತಿಗೆ ರೆಪಾಸಿಟರಿಯಲ್ಲಿ (ಪ್ಯಾಕೇಜ್‌ಗಳನ್ನು ತರುವ ಸಂಗ್ರಹದಲ್ಲಿ) ಪ್ಯಾಕೇಜ್ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸ್ಟೀಮ್ ಹಾಕಬೇಕಾದರೆ ಡೆಸ್ಕ್‌ಟಾಪ್ ತೆಗೆಯುವುದೇ ದಾರಿ ಅಂತ ಆಪ್ಟ್ ತೀರ್ಮಾನಿಸಿತು. ಎಚ್ಚರಿಕೆ ಕೊಟ್ಟು, ಒಂದು ವಾಕ್ಯ ಟೈಪ್ ಮಾಡಿ ಒಪ್ಪಿಗೆ ಕೊಡಿ ಅಂತ ಕೇಳಿತು. ಅವರು ಟೈಪ್ ಮಾಡಿದರು.

ಅನೇಕರು ಆಗ ಅವರನ್ನು ಬೈದರು. ನನಗೆ ಹಾಗೆ ಅನಿಸಲಿಲ್ಲ. ಆಟ ಆಡುವ ಪ್ರೋಗ್ರಾಂ ಕೇಳಿದವನಿಗೆ ಡೆಸ್ಕ್‌ಟಾಪ್ ಅಳಿಸುವ ಉತ್ತರವನ್ನು ತೋರಿಸಲೇಬಾರದು. ಆಪ್ಟ್ ತಂಡವೂ ಆಮೇಲೆ ಅದನ್ನು ಬದಲಿಸಿತು. ಅತಿ ಮುಖ್ಯ ಎಂದು ಗುರುತಿಸಿದ ಪ್ಯಾಕೇಜ್‌ಗಳನ್ನು ತೆಗೆಯಲು ಈಗ ವಾಕ್ಯ ಟೈಪ್ ಮಾಡಿದರೆ ಸಾಲದು, ಆದೇಶದಲ್ಲೇ ಬೇರೆ ಆಯ್ಕೆ ಕೊಡಬೇಕು.

ಇಂಥ ವಿಚಿತ್ರ ಉತ್ತರಗಳು ಹುಟ್ಟುವುದಕ್ಕೆ ಒಂದು ಗಣಿತದ ಕಾರಣವೂ ಇದೆ. ಡಿಪೆಂಡ್ಸ್, ಕಾನ್‌ಫ್ಲಿಕ್ಟ್ಸ್, ‘ಇದು ಅಥವಾ ಅದು’, ಎಲ್ಲ ಸೇರಿದಾಗ, ಒಂದು ಪ್ಯಾಕೇಜ್ ಇನ್‌ಸ್ಟಾಲ್ ಆಗಬಲ್ಲದೇ ಎಂಬ ಪ್ರಶ್ನೆ ಎನ್‌ಪಿ-ಕಂಪ್ಲೀಟ್, ಅಂದರೆ ಯಾವಾಗಲೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಓಪನ್‌ಸೂಸೆಯ ಇನ್‌ಸ್ಟಾಲ್ ಸಾಧನ ಜಿಪ್ಪರ್, ಇಂಥ ಷರತ್ತುಗಳನ್ನು ಬಿಡಿಸಲೆಂದೇ ಇರುವ ಸ್ಯಾಟ್ ಸಾಲ್ವರ್ ಕಡೆ ಹೋಯಿತು. 2008ರ 11.0 ಆವೃತ್ತಿಯಲ್ಲಿ ಬಂದದ್ದು. ಫೆಡೋರಾದ ಡಿಎನ್‌ಎಫ್ ಬಳಸುವುದೂ ಅದೇ ಮೂಲದ ಲಿಬ್‌ಸಾಲ್ವ್. ಆಪ್ಟ್‌ನ ಹಳೆಯ ಸಾಲ್ವರ್ ಅಂದಾಜಿನ ಮೇಲೆ ಮುಂದೆ ಹೋಗುತ್ತದೆ. 2025ರ ಆಪ್ಟ್ 3.0ರಲ್ಲಿ ಹೊಸ ಸಾಲ್ವರ್ ಇದೆ. ತಪ್ಪು ದಾರಿ ಹಿಡಿದರೆ ಹಿಂದೆ ಬಂದು ಇನ್ನೊಂದು ದಾರಿ ನೋಡುತ್ತದೆ. ಆದರೆ ಸಾಲ್ವರ್ ಎಷ್ಟೇ ಜಾಣ ಆದರೂ ಹೊರಗಿನ ರೆಪಾಸಿಟರಿಗಳನ್ನು ಸಿಕ್ಕಾಪಟ್ಟೆ ಸೇರಿಸಿಕೊಂಡರೆ ಕೈಚೆಲ್ಲುತ್ತದೆ.

ಹೊಸಚಿಗುರು

ಹೊಸಬಳ ಪ್ರಶ್ನೆ. ಇಷ್ಟೆಲ್ಲ ಕಷ್ಟ ಇರುವಾಗ ಎಲ್ಲವನ್ನೂ ಫ್ಲಾಟ್‌ಪ್ಯಾಕ್‌ನಲ್ಲಿ ಹಾಕಿದರೆ ಆಗುವುದಿಲ್ಲವೇ? ಪ್ರತಿ ಆ್ಯಪ್ ತನಗೆ ಬೇಕಾದ್ದನ್ನು ತಾನೇ ತರುತ್ತದಲ್ಲ.

ಹಾದಿಹೋಕ

ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಖಂಡಿತ ಒಳ್ಳೆಯದು. ಎಂಡಿಆಡಮ್‌ನಂಥ ಸಿಸ್ಟಂ ಸಾಧನಕ್ಕೆ ಆಗುವುದಿಲ್ಲ. ಅಲ್ಲೂ ಡಿಪೆಂಡೆನ್ಸಿ ಮಾಯವಾಗಿಲ್ಲ, ರನ್‌ಟೈಮ್ (ಹಲವು ಆ್ಯಪ್‌ಗಳು ಹಂಚಿಕೊಳ್ಳುವ ಲೈಬ್ರರಿಗಳ ಗುಂಪು) ಮತ್ತು ಆ್ಯಪ್‌ನ ಒಳಗೆ ಸೇರಿಕೊಂಡಿದೆ. ಒಂದು ಲೈಬ್ರರಿಯಲ್ಲಿ ದೋಷ ಬಂದರೆ ಡಿಸ್ಟ್ರೋದಲ್ಲಿ ಒಂದು ಪ್ಯಾಕೇಜ್ ಸರಿಮಾಡಿದರೆ ಅದನ್ನು ಬಳಸುವ ಎಲ್ಲಕ್ಕೂ ತಲುಪುತ್ತದೆ. ಆ್ಯಪ್ ಒಳಗೆ ಕಟ್ಟಿಕೊಂಡು ಬಂದ ಪ್ರತಿಯನ್ನು ಆ ಆ್ಯಪ್ ಮಾಡಿದವರೇ ಸರಿಮಾಡಬೇಕು.

ಬೆಳದಿಂಗಳು

ಇಲ್ಲಿ ಎಕ್ಸ್‌ಝಡ್ ಪ್ರಕರಣ ಹೇಳದೆ ಮುಂದೆ ಹೋಗಬಾರದು. ಡಿಪೆಂಡೆನ್ಸಿ ಬಗ್ಗೆ ಇಷ್ಟು ಕಲಿಸಿದ ಘಟನೆ ಇನ್ನೊಂದಿಲ್ಲ ಅಂತ ನನ್ನ ಭಾವನೆ.

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರೋಯಿಂಡ್ ಎಂಬ ಡೆವಲಪರ್ ಇದನ್ನು ಬಯಲಿಗೆ ತಂದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆದದ್ದರ ಬೆನ್ನುಹತ್ತಿ, ಎಕ್ಸ್‌ಝಡ್ 5.6.0 ಮತ್ತು 5.6.1ರಲ್ಲಿ ಯಾರೋ ಕಳ್ಳಬಾಗಿಲು ಸೇರಿಸಿದ್ದನ್ನು ಪತ್ತೆ ಮಾಡಿದರು. ಎಕ್ಸ್‌ಝಡ್ ಇರುವುದು ಫೈಲ್ ಕುಗ್ಗಿಸಲು. ಅದಕ್ಕೂ ಓಪನ್‌ಎಸ್‌ಎಸ್‌ಎಚ್‌ಗೂ ಏನು ನಂಟು? ಮೂಲ ಓಪನ್‌ಎಸ್‌ಎಸ್‌ಎಚ್‌ನಲ್ಲಿ ನಂಟೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದವು ‘ಸರ್ವಿಸ್ ಸಿದ್ಧವಾಯಿತು’ ಅಂತ, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಗೆ ತಿಳಿಸಲು ಅದಕ್ಕೆ ಲಿಬ್‌ಸಿಸ್ಟಂಡಿ ಎಂಬ ಲೈಬ್ರರಿ ಜೋಡಿಸಿದ್ದವು. ಲಿಬ್‌ಸಿಸ್ಟಂಡಿ ತನ್ನ ಬೇರೆ ಕೆಲಸಕ್ಕಾಗಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಎಳೆದುಕೊಳ್ಳುತ್ತಿತ್ತು. ಒಂದು ಚಿಕ್ಕ ಸಂದೇಶ ಕಳಿಸುವ ಸಲುವಾಗಿ ಈ ಇಡೀ ಸರಪಳಿ ಎಸ್‌ಎಸ್‌ಎಚ್ ಸರ್ವರ್ ಒಳಗೆ ಕೂತಿತ್ತು.

ಆಮೇಲೆ ಆದ ಬದಲಾವಣೆ ನಮ್ಮ ಚರ್ಚೆಗೆ ನೇರವಾಗಿ ಸೇರುತ್ತದೆ. ಆ ವರ್ಷವೇ ಬಂದ ಸಿಸ್ಟಂಡಿ 256ರಿಂದ ಇಂಥ ಲೈಬ್ರರಿಗಳನ್ನು ಬೇಕಾದಾಗ ಮಾತ್ರ, ಪ್ರೋಗ್ರಾಂ ಓಡುತ್ತಿರುವಾಗಲೇ, ಡಿಎಲ್‌ಓಪನ್ ಮೂಲಕ ತೆರೆಯುತ್ತದೆ. ಒಳ್ಳೆಯದೇ. ಆದರೆ ಡೆಬಿಯನ್‌ನಲ್ಲಿ ಲೈಬ್ರರಿ ಡಿಪೆಂಡೆನ್ಸಿಗಳನ್ನು ಕೈಯಿಂದ ಬರೆಯುವುದಿಲ್ಲ. ಡಿಪಿಕೆಜಿ-ಶ್‌ಲಿಬ್‌ಡೆಪ್ಸ್ ಎಂಬ ಸಾಧನ ಬೈನರಿಯನ್ನು ಓದಿ ತಾನೇ ಪಟ್ಟಿ ಮಾಡುತ್ತದೆ. ಡಿಎಲ್‌ಓಪನ್ ಮಾಡಿದ್ದು ಆ ಓದಿಗೆ ಕಾಣುವುದಿಲ್ಲ. ಅದಕ್ಕಾಗಿ ಸಿಸ್ಟಂಡಿ ತಂಡ ಬೈನರಿ ಒಳಗೇ ಒಂದು ಟಿಪ್ಪಣಿ ಇಡುವ ಕ್ರಮ ತಂದಿತು. ಯಾವ ಲೈಬ್ರರಿ, ಯಾವ ಕೆಲಸಕ್ಕೆ, ಎಷ್ಟು ಮುಖ್ಯ ಅಂತ ಅದರಲ್ಲಿ ಇರುತ್ತದೆ. ಪ್ಯಾಕೇಜ್ ಮಾಡುವವರು ಅದನ್ನು ನೋಡಿ ರೆಕಮೆಂಡ್ಸ್ ಅಥವಾ ಸಜೆಸ್ಟ್ಸ್ ಬರೆಯಬಹುದು.

ಅಂದರೆ ಮುಂದೆ ರೆಕಮೆಂಡ್ಸ್‌ನ ಭಾರ ಜಾಸ್ತಿ ಆಗುತ್ತದೆ. ಮೊದಲು ಕಡ್ಡಾಯವಾಗಿದ್ದವು ಐಚ್ಛಿಕ ಆಗುತ್ತಿವೆ. ಇದು ಬಳಕೆದಾರರಿಗೆ ಲಾಭ. ಆದರೆ ರೆಕಮೆಂಡ್ಸ್ ಅನ್ನು ಕಣ್ಣುಮುಚ್ಚಿ ಆಫ್ ಮಾಡಿಟ್ಟವರಿಗೆ, ನಿನ್ನೆವರೆಗೂ ಇದ್ದ ಸೌಲಭ್ಯ ಮುಂದಿನ ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಇರುವುದಿಲ್ಲ.

ಹಾದಿಹೋಕ

ಬೆಳದಿಂಗಳು ಅವರೇ, ಈ ಕೊನೆಯ ಮಾತನ್ನು ನಾನು ಯೋಚಿಸಿರಲಿಲ್ಲ. ಸರ್ವರ್‌ಗಳಲ್ಲಿ ಆಫ್ ಇಡುವುದನ್ನು ನಾನು ಬಿಡುವುದಿಲ್ಲ, ಆದರೆ ಆವೃತ್ತಿ ಬದಲಾದಾಗ ಬಿಟ್ಟುಹೋದ ರೆಕಮೆಂಡ್ಸ್ ಪಟ್ಟಿಯನ್ನು ಓದುವ ಹೆಜ್ಜೆಯೊಂದನ್ನು ಸೇರಿಸುತ್ತೇನೆ. ಆಪ್ಟ್ ಅದನ್ನು ‘ರೆಕಮೆಂಡೆಡ್ ಪ್ಯಾಕೇಜ್‌ಗಳು’ ಅಂತ ಬೇರೆಯಾಗಿ ತೋರಿಸುತ್ತದೆ.

ಮೊದಲ ಇನ್‌ಸ್ಟಾಲ್ ಬಗ್ಗೆಯೂ ಒಂದು ಮಾತು. ಅಲ್ಲಿ ಗಾಳಿ ಚಿಕ್ಕದರ ಕಡೆಗೆ ಬೀಸುತ್ತಿದೆ. ಉಬುಂಟು 23.10ರಿಂದ ಕಡಿಮೆ ಆ್ಯಪ್‌ಗಳ ಆಯ್ಕೆಯೇ ಡಿಫಾಲ್ಟ್ ಆಯಿತು, ಪೂರ್ತಿ ಬೇಕಿದ್ದವರು ಬೇರೆ ಆರಿಸಬೇಕು. ಆರ್ಚ್ 2019ರಲ್ಲಿ ಬೇಸ್ ಅನ್ನು ಗುಂಪಿನಿಂದ ಮೆಟಾಪ್ಯಾಕೇಜ್ ಮಾಡಿತು, ಕರ್ನಲ್ ಅನ್ನೂ ಅದರಿಂದ ಹೊರಗಿಟ್ಟಿತು.

ತುಂತುರು

ಚಿಕ್ಕದಾಗಿ ಶುರು ಮಾಡುವುದಕ್ಕೆ ನನ್ನ ವಿರೋಧ ಇಲ್ಲ. ಏನು ಬೇಕು ಅಂತ ಕೇಳಿದ ಮೇಲೆ ಅದು ಪೂರ್ತಿಯಾಗಿ ಕೆಲಸ ಮಾಡಬೇಕು, ಅಷ್ಟೇ.

ಕಣಜ

ಒಂದು ವಿಷಯ ಯಾರೂ ಹೇಳಲಿಲ್ಲ. ಯಾವುದಾದರೂ ರೆಕಮೆಂಡ್ಸ್ ತಪ್ಪು ಅನಿಸಿದರೆ ಆಪ್ಟ್ ಜೊತೆ ಜಗಳ ಆಡಬೇಡಿ. ಆ ಪ್ಯಾಕೇಜ್ ಮೇಲೆ ಬಗ್ ವರದಿ ಹಾಕಿ. ಆಪ್ಟ್ ತನಗೆ ಬರೆದುಕೊಟ್ಟದ್ದನ್ನು ಪಾಲಿಸುತ್ತದೆ. ಬರೆದವರು ಮನುಷ್ಯರು, ಕಾರಣ ಹೇಳಿದರೆ ಕೇಳುತ್ತಾರೆ. ರಿಪೋರ್ಟ್‌ಬಗ್ ಸಾಧನ ಇದಕ್ಕೇ ಇದೆ. ‘ಇಷ್ಟೊಂದು ಬರುತ್ತದೆ’ ಅಂತ ದೂರಬೇಡಿ. ಆ ಪ್ಯಾಕೇಜ್ ಇಲ್ಲದೆ ಯಾವ ಯಾವ ಕೆಲಸ ಸರಿಯಾಗಿ ನಡೆಯಿತು, ಯಾವುದು ನಿಂತಿತು, ಹೆಚ್ಚಿನವರು ಆ ನಿಂತ ಕೆಲಸವನ್ನು ಯಾಕೆ ಬಳಸುವುದಿಲ್ಲ, ಇಷ್ಟನ್ನು ಬರೆಯಿರಿ. ಒಂದು ಯಂತ್ರದಲ್ಲಿ ಆಫ್ ಮಾಡಿದರೆ ನಿಮಗೊಬ್ಬರಿಗೆ ಅನುಕೂಲ. ಪ್ಯಾಕೇಜ್‌ನಲ್ಲಿ ಒಂದು ಸಾಲು ಸರಿಯಾದರೆ ಅದನ್ನು ಬಳಸುವ ಎಲ್ಲರಿಗೂ.

ಮಿಂಚುಳ್ಳಿ

ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ. ರೆಕಮೆಂಡ್ಸ್ ಆನ್ ಇರಲಿ. ಮೊದಲು ಎಂಎಸ್‌ಎಂಟಿಪಿ-ಎಂಟಿಎ ಹಾಕಿ, ಆಮೇಲೆ ಎಂಡಿಆಡಮ್ ಹಾಕುತ್ತೇನೆ. ಆಗ ಎಕ್ಸಿಮ್ ಬರುವುದಿಲ್ಲ, ಎಚ್ಚರಿಕೆಯ ಮೇಲ್ ಮಾತ್ರ ಹೋಗುತ್ತದೆ. ಸರಿಯಾ?

ಕಣಜ

ಸರಿ. ಒಂದು ಮಿತಿ ಗೊತ್ತಿರಲಿ. ಎಂಎಸ್‌ಎಂಟಿಪಿ ಮೇಲ್ ಅನ್ನು ಸಾಲಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಕ್ಷಣದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಆ ಎಚ್ಚರಿಕೆ ಹೋಯಿತು ಅಂತಲೇ ಲೆಕ್ಕ. ಆ ಚಿಂತೆ ಇದ್ದರೆ ನಲ್‌ಮೇಲರ್ ನೋಡಿ, ಅದು ಇಟ್ಟುಕೊಂಡು ಮತ್ತೆ ಪ್ರಯತ್ನಿಸುತ್ತದೆ.

ಯಾವುದನ್ನೇ ಹಾಕಿ, ಕಾನ್ಫಿಗ್‌ನಲ್ಲಿ ನಿಮ್ಮ ವಿಳಾಸ ಬರೆದ ಮೇಲೆ ಎಂಡಿಆಡಮ್ ಅನ್ನು ಮಾನಿಟರ್, ಸ್ಕ್ಯಾನ್, ಒನ್‌ಶಾಟ್, ಟೆಸ್ಟ್ ಎಂಬ ನಾಲ್ಕು ಆಯ್ಕೆಗಳ ಜೊತೆ ಒಮ್ಮೆ ಓಡಿಸಿ. ಪ್ರತಿ ರೇಡ್‌ಗೂ ಒಂದು ಪರೀಕ್ಷಾ ಮೇಲ್ ಕಳಿಸುತ್ತದೆ. ಬರದಿದ್ದರೆ ಎಂಎಸ್‌ಎಂಟಿಪಿಯ ಲಾಗ್ ಇಲ್ಲೇ ಹಾಕಿ, ನೋಡೋಣ. ಅದರಲ್ಲಿ ಪಾಸ್‌ವರ್ಡ್ ಕಂಡರೆ ಆ ಸಾಲು ಬಿಟ್ಟು ಉಳಿದದ್ದನ್ನು ಹಾಕಿ.